ಕುರೇನ್ಯನ ಖಾನೇಷುಮಾರಿ: ಹೊಸ ಒಡಂಬಡಿಕೆಯ ಚಾರಿತ್ರಿಕ ಹಿನ್ನೆಲೆ ಓದಲು ಯಾವ ದಾರಿ ಹಿಡಿಯಬೇಕು?

ಲೂಕನ ಸುವಾರ್ತೆಯ ಎರಡನೇ ಅಧ್ಯಾಯದ ಮೊದಲ ಮೂರು ವಚನಗಳು ಕ್ರಿಸ್‌ಮಸ್ ಹೊತ್ತಿಗೆ ಚರ್ಚಿನಲ್ಲಿ ಕೂತವರ ಕಿವಿಗೆಲ್ಲ ಬೀಳುತ್ತವೆ. ಚಕ್ರವರ್ತಿ ಔಗುಸ್ತನು ರಾಜ್ಯದಲ್ಲೆಲ್ಲ ಜನಗಣತಿ ಆಗಬೇಕೆಂದು ಆಜ್ಞೆ ಹೊರಡಿಸಿದ. ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ನಡೆದ ಮೊದಲ ಗಣತಿ ಅದು. ಹೆಸರು ಬರೆಸಲು ಎಲ್ಲರೂ ಅವರವರ ಊರಿಗೆ ಹೋದರು. ಕೇಳಲು ಸರ್ಕಾರಿ ದಾಖಲೆಯಷ್ಟು ಸರಳ. ಆದರೆ ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಯೂದಾಯದ ಅರಸ ಮಹಾ ಹೆರೋದ ಬದುಕಿದ್ದಾಗ. ಲೂಕನೂ ಒಂದನೇ ಅಧ್ಯಾಯದ 5ನೇ ವಚನದಲ್ಲಿ ಹೆರೋದನ ಕಾಲದಿಂದಲೇ ತನ್ನ ಕಥನ ಶುರುಮಾಡುತ್ತಾನೆ. ಹೆರೋದ ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ ಎಂಬುದನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಕುರೇನ್ಯ ಯೂದಾಯದಲ್ಲಿ ಗಣತಿ ನಡೆಸಿದ್ದು ಕ್ರಿ.ಶ. 6ರಲ್ಲಿ. ನಡುವೆ ಒಂಬತ್ತು-ಹತ್ತು ವರ್ಷಗಳ ಕಂದಕ ಬಿದ್ದಿದೆ.

ಇಂಥ ಗಂಟು ಎದುರಾದಾಗಲೇ ಓದುಗರು ಇತಿಹಾಸದ ಕಡೆ ತಿರುಗುವುದು. ತಿರುಗಿದ ಕೂಡಲೇ ಆರು ದಾರಿಗಳು ಕಾಣುತ್ತವೆ: ಸುವಾರ್ತೆಗಳನ್ನೇ ಅಕ್ಕಪಕ್ಕ ಇಟ್ಟು ಓದುವುದು, ಅದೇ ಕಾಲದ ಯೆಹೂದಿ ಮತ್ತು ರೋಮನ್ ಲೇಖಕರನ್ನು ಓದುವುದು, ಗ್ರೀಕ್ ಕಲಿಯುವುದು, ಹಸ್ತಪ್ರತಿಗಳ ಪಾಠಾಂತರ, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾಗುವ ಮಾತುಗಳನ್ನು ನೋಡುವುದು, ಶಾಸನ ಮತ್ತು ಉತ್ಖನನದ ಹಿಂದೆ ಹೋಗುವುದು, ಅಪೊಸ್ತಲರ ನಂತರದ ಸಭಾಪಿತೃಗಳ ಬರಹಗಳಿಗೆ ಕೈ ಹಾಕುವುದು. ಎಲ್ಲದಕ್ಕೂ ಒಟ್ಟಿಗೆ ಕೈ ಹಾಕಿದವರು ಮೂರು ತಿಂಗಳಲ್ಲಿ ಸುಸ್ತಾಗುತ್ತಾರೆ. ಹಾಗಾಗಿ ಇಲ್ಲಿ ಆರೂ ದಾರಿಗಳನ್ನು ಇದೇ ಕುರೇನ್ಯನ ವಚನದ ಮೇಲೆ ಒಂದೊಂದಾಗಿ ನಡೆಸಿ ನೋಡಿದ್ದೇವೆ. ಯಾವುದು ಎಲ್ಲಿಯವರೆಗೆ ಕರೆದೊಯ್ಯುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದು ಗೊತ್ತಾದರೆ ಆಯ್ಕೆ ತಾನಾಗಿ ಸಲೀಸಾಗುತ್ತದೆ.

ಅಕ್ಕಪಕ್ಕ ಇಟ್ಟು ಓದುವುದು

ಖರ್ಚಿಲ್ಲದ, ಇವತ್ತೇ ಶುರುಮಾಡಬಹುದಾದ ದಾರಿ ಇದು. ಎಷ್ಟೋ ಜನ ಇದನ್ನು ಮಾಡದೆಯೇ ಮುಂದಿನ ಪುಸ್ತಕಗಳಿಗೆ ಹಾರಿಬಿಡುತ್ತಾರೆ, ಅಲ್ಲೇ ಎಡವುತ್ತಾರೆ.

ಮತ್ತಾಯ, ಮಾರ್ಕ, ಲೂಕ ಈ ಮೂರಕ್ಕೂ ಒಂದೇ ನೋಟದ ಸುವಾರ್ತೆಗಳು ಎಂಬ ಹೆಸರಿದೆ. ಮಾರ್ಕನಲ್ಲಿ ಸುಮಾರು 660 ವಚನಗಳಿವೆ. ಅವುಗಳಲ್ಲಿ 600ರಷ್ಟರ ತಿರುಳು ಮತ್ತಾಯನಲ್ಲಿದೆ, 350ರಷ್ಟು ಲೂಕನಲ್ಲಿದೆ. ಇದಲ್ಲದೆ ಮಾರ್ಕನಲ್ಲಿಲ್ಲದ, ಮತ್ತಾಯ-ಲೂಕ ಇಬ್ಬರಲ್ಲೂ ಇರುವ 230ರಷ್ಟು ವಚನಗಳಿವೆ. ಹೆಚ್ಚಿನ ವಿದ್ವಾಂಸರು ಮಾರ್ಕನನ್ನು ಕ್ರಿ.ಶ. 70ರ ಆಸುಪಾಸಿಗೂ, ಉಳಿದಿಬ್ಬರನ್ನು 80-90ಕ್ಕೂ, ಯೋಹಾನನನ್ನು ಶತಮಾನದ ಕೊನೆಗೂ ಇಡುವುದು ಈ ಬಗೆಯ ಹೋಲಿಕೆಯಿಂದ ಹೊರಟ ವಾದಗಳ ಮೇಲೆಯೇ.

ಮಾಡುವ ಬಗೆ ಹೀಗೆ. ಒಂದು ದೊಡ್ಡ ಹಾಳೆಯನ್ನು ಅಡ್ಡಲಾಗಿ ಇಟ್ಟು ಮೂರು ಅಂಕಣ ಹಾಕಿ. ಮಾರ್ಕನನ್ನು ನಡುವೆ ಬರೆಯಿರಿ. ಮೊದಲ ಅಭ್ಯಾಸಕ್ಕೆ ಯೇಸುವಿನ ದೀಕ್ಷಾಸ್ನಾನ ಸಾಕು: ಮಾರ್ಕ 1:9-11, ಮತ್ತಾಯ 3:13-17, ಲೂಕ 3:21-22. ಒಂದು ಸಾಲಿಗೆ ಒಂದು ಪದಗುಚ್ಛ ಬರೆದು, ಸಮಾನವಾದವು ಒಂದೇ ಮಟ್ಟದಲ್ಲಿ ಬರುವಂತೆ ನೋಡಿಕೊಳ್ಳಿ. ಇಲ್ಲದ ಕಡೆ ಜಾಗ ಖಾಲಿ ಬಿಡಿ. ಆಮೇಲೆ ಮೂರರಲ್ಲೂ ಇರುವುದಕ್ಕೆ ಒಂದು ಬಣ್ಣ, ಮಾರ್ಕ-ಮತ್ತಾಯಕ್ಕೆ ಒಂದು, ಮಾರ್ಕ-ಲೂಕಕ್ಕೆ ಒಂದು, ಮತ್ತಾಯ-ಲೂಕಕ್ಕೆ ಮಾತ್ರ ಒಂದು. ಒಬ್ಬರಲ್ಲೇ ಇರುವುದಕ್ಕೆ ಬಣ್ಣ ಬೇಡ. ಮುಗಿಸಿದ ಮೇಲೆ ನೋಡಿದರೆ ಆಕಾಶವಾಣಿ ಮಾರ್ಕ ಮತ್ತು ಲೂಕನಲ್ಲಿ "ನೀನು ನನ್ನ ಮಗ" ಎಂದು ಯೇಸುವಿಗೇ ಹೇಳುತ್ತದೆ, ಮತ್ತಾಯನಲ್ಲಿ "ಈತನು ನನ್ನ ಮಗ" ಎಂದು ಸುತ್ತಲಿದ್ದವರಿಗೆ ಹೇಳುತ್ತದೆ. ಸ್ನಾನಿಕ ಯೋಹಾನನು ಸ್ನಾನ ಮಾಡಿಸಲು ಹಿಂಜರಿದ ಮಾತು ಬಣ್ಣವಿಲ್ಲದೆ ಮತ್ತಾಯನ ಅಂಕಣದಲ್ಲೇ ಉಳಿಯುತ್ತದೆ. ಯೇಸುವಿಗಿಂತ ಯೋಹಾನ ದೊಡ್ಡವನೇ ಎಂಬ ಪ್ರಶ್ನೆ ಆ ಕಾಲದ ಸಭೆಯನ್ನು ಕಾಡಿರಬೇಕು ಎಂಬ ಊಹೆಗೆ ಆಧಾರ ಸಿಗುವುದು ಇಂಥ ಖಾಲಿ ಜಾಗಗಳಲ್ಲೇ.

ತಪ್ಪಾಗುವುದು ಎರಡು ಕಡೆ. ಒಂದು, ಸರಳ ಕನ್ನಡದ ಹೊಸ ಭಾಷಾಂತರ ಹಿಡಿದು ಈ ಕೆಲಸಕ್ಕೆ ಕೂರುವುದು. ಅವು ಉದ್ದ ವಾಕ್ಯಗಳನ್ನು ಒಡೆಯುತ್ತವೆ, ಸರ್ವನಾಮದ ಜಾಗದಲ್ಲಿ ಹೆಸರು ಹಾಕುತ್ತವೆ, ಒಂದೇ ಗ್ರೀಕ್ ಪದಕ್ಕೆ ಒಂದೊಂದು ಕಡೆ ಒಂದೊಂದು ಕನ್ನಡ ಪದ ಬಳಸುತ್ತವೆ. ಭಕ್ತಿಯ ಓದಿಗೆ ಅವು ಚೆನ್ನ. ಬಣ್ಣ ಹಚ್ಚುವ ಕೆಲಸಕ್ಕೆ ಮೂಲದ ಪದಕ್ಕೆ ಹತ್ತಿರವಿರುವ ಹಳೆಯ ಭಾಷಾಂತರವೇ ಬೇಕು. ಎರಡು, ಗೌರವವಾಚಕಗಳ ಮೇಲೆ ವಾದ ಕಟ್ಟುವುದು. "ಯೇಸು ಹೇಳಿದನು" ಮತ್ತು "ಯೇಸು ಹೇಳಿದರು" ಎಂಬ ವ್ಯತ್ಯಾಸ ಕನ್ನಡದ ಭಾಷಾಂತರಕಾರರದು, ಗ್ರೀಕಿನಲ್ಲಿ ಅದಿಲ್ಲ.

ಆದರೆ ಕನ್ನಡ ಒಂದು ಉಪಕಾರವನ್ನೂ ಮಾಡುತ್ತದೆ. ಗ್ರೀಕಿನಲ್ಲಿ ಏಕವಚನದ ನೀನು ಬೇರೆ, ಬಹುವಚನದ ನೀವು ಬೇರೆ. ಇಂದಿನ ಇಂಗ್ಲಿಷಿನಲ್ಲಿ ಎರಡೂ ಒಂದೇ ಪದ. ಲೂಕ 22:31-32ರಲ್ಲಿ ಸೈತಾನನು ನಿಮ್ಮೆಲ್ಲರನ್ನೂ ಗೋಧಿಯಂತೆ ಒನೆಯಲು ಕೇಳಿಕೊಂಡ, ನಾನಾದರೋ ನಿನಗಾಗಿ ಬೇಡಿಕೊಂಡೆ ಎಂದು ಯೇಸು ಪೇತ್ರನಿಗೆ ಹೇಳುವಾಗ ಮೊದಲನೆಯದು ಬಹುವಚನ, ಎರಡನೆಯದು ಏಕವಚನ. ಹಳೆಯ ಕನ್ನಡ ಭಾಷಾಂತರ ಓದಿದವರಿಗೆ ಇದು ಒಂದೇ ಓದಿಗೆ ಹೊಳೆಯುತ್ತದೆ.

ಇನ್ನು ಕುರೇನ್ಯನ ವಿಷಯ. ಅಕ್ಕಪಕ್ಕದ ಓದು ಇಲ್ಲಿ ಎರಡು ಸಂಗತಿ ಕೊಡುತ್ತದೆ. ಮತ್ತಾಯನಲ್ಲಿ ಗಣತಿಯ ಸುಳಿವೇ ಇಲ್ಲ. ಅಲ್ಲಿ ಯೋಸೇಫ-ಮರಿಯರು ಬೇತ್ಲೆಹೇಮಿನ ಮನೆಯಲ್ಲೇ ಇದ್ದಾರೆ, ನಜರೇತಿಗೆ ಬರುವುದು ಆಮೇಲೆ. ಲೂಕನಲ್ಲಿ ಅವರು ನಜರೇತಿನವರು, ಬೇತ್ಲೆಹೇಮಿಗೆ ಹೋಗಲು ಒಂದು ಕಾರಣ ಬೇಕು, ಆ ಕಾರಣವೇ ಗಣತಿ. ಎರಡನೆಯದಾಗಿ, ಲೂಕನದೇ ಇನ್ನೊಂದು ಕೃತಿಯಾದ ಅಪೊಸ್ತಲರ ಕೃತ್ಯಗಳು 5:37ರಲ್ಲಿ "ಖಾನೇಷುಮಾರಿಯ ದಿನಗಳಲ್ಲಿ" ಗಲಿಲಾಯದ ಯೂದ ದಂಗೆಯೆದ್ದ ಪ್ರಸ್ತಾಪವಿದೆ. ಅಂದರೆ ಆ ಗದ್ದಲದ ಗಣತಿ ಲೂಕನಿಗೆ ಗೊತ್ತಿತ್ತು. ಸಮಸ್ಯೆ ಎಲ್ಲಿದೆ ಎಂದು ಈ ದಾರಿ ಬೆರಳಿಟ್ಟು ತೋರಿಸಿತು. ತೇದಿ ಮಾತ್ರ ಕೊಡಲಿಲ್ಲ.

ಜೋಸೆಫಸ್ ಮತ್ತು ಅವನ ಸುತ್ತಿನವರು

ತೇದಿ ಕೊಡುವವನು ಫ್ಲೇವಿಯಸ್ ಜೋಸೆಫಸ್. ಕ್ರಿ.ಶ. 37ರಲ್ಲಿ ಯೆರೂಸಲೇಮಿನ ಯಾಜಕ ಮನೆತನದಲ್ಲಿ ಹುಟ್ಟಿ, ರೋಮಿನ ವಿರುದ್ಧದ ಯುದ್ಧದಲ್ಲಿ ಗಲಿಲಾಯದ ಸೇನಾನಿಯಾಗಿದ್ದು, 67ರಲ್ಲಿ ಶರಣಾಗಿ, ಮುಂದೆ ರೋಮಿನಲ್ಲಿ ಚಕ್ರವರ್ತಿಗಳ ಆಶ್ರಯದಲ್ಲಿ ಕೂತು ಬರೆದವನು. ಯೆಹೂದಿ ಯುದ್ಧದ ಚರಿತ್ರೆ 7 ಸಂಪುಟ, 70ರ ದಶಕದ್ದು. ಯೆಹೂದಿ ಪುರಾತನ ಚರಿತ್ರೆ 20 ಸಂಪುಟ, 93-94ರದ್ದು. ಇಡೀ ಜೋಸೆಫಸ್ ಓದುತ್ತೇನೆಂದು ಹೊರಟವರು ಆದಿಕಾಂಡದ ಮರುಕಥನದಲ್ಲೇ ನಿಂತುಹೋಗುತ್ತಾರೆ. ಹೊಸ ಒಡಂಬಡಿಕೆಗೆ ಬೇಕಾದದ್ದು ಯುದ್ಧದ ಚರಿತ್ರೆಯ 2ನೇ ಸಂಪುಟ, ಪುರಾತನ ಚರಿತ್ರೆಯ 17ರ ಕೊನೆಯ ಭಾಗ, 18 ಮತ್ತು 20. ದಿನಕ್ಕೊಂದು ಗಂಟೆ ಕೊಟ್ಟರೆ ತಿಂಗಳಲ್ಲಿ ಮುಗಿಯುತ್ತದೆ.

ಪುರಾತನ ಚರಿತ್ರೆಯ 18ನೇ ಸಂಪುಟ ಬಾಯಿ ತೆರೆಯುವುದೇ ಕುರೇನ್ಯನಿಂದ. ಹೆರೋದನ ಮಗ ಅರ್ಖೆಲಾಯನನ್ನು ಔಗುಸ್ತ ಪದಚ್ಯುತಗೊಳಿಸಿದ, ಯೂದಾಯ ನೇರ ರೋಮಿನ ಆಳ್ವಿಕೆಗೆ ಬಂತು, ಆಸ್ತಿಯ ಲೆಕ್ಕ ಹಿಡಿಯಲು ಕುರೇನ್ಯ ಬಂದ, ಯೂದ ಎಂಬವನು ಅದನ್ನು ಗುಲಾಮಗಿರಿ ಎಂದು ಕರೆದು ಜನರನ್ನು ಎಬ್ಬಿಸಿದ. ಲೆಕ್ಕ ಮುಗಿದದ್ದು ಆಕ್ಟಿಯಮ್ ಯುದ್ಧದ 37ನೇ ವರ್ಷದಲ್ಲಿ ಎನ್ನುತ್ತಾನೆ. ಆ ಯುದ್ಧ ಕ್ರಿ.ಪೂ. 31ರದ್ದು, ಕೂಡಿಸಿ ನೋಡಿದರೆ ಕ್ರಿ.ಶ. 6-7. ಹೆರೋದನ ಸಾವಿಗೆ ಸ್ವಲ್ಪ ಮುಂಚೆ ಚಂದ್ರಗ್ರಹಣ ಆಯಿತೆಂದೂ ಅವನು ಬರೆದಿದ್ದಾನೆ. ಅದನ್ನು ಸಾಮಾನ್ಯವಾಗಿ ಕ್ರಿ.ಪೂ. 4ರ ಮಾರ್ಚ್ 13ರ ಗ್ರಹಣವೆಂದು ಗುರುತಿಸುತ್ತಾರೆ. ಹೆರೋದ ಸತ್ತಾಗ ಸಿರಿಯದಲ್ಲಿದ್ದ ಅಧಿಪತಿ ವಾರಸ್ ಎಂಬುದೂ ಇವನಿಂದಲೇ ತಿಳಿಯುತ್ತದೆ. ಮತ್ತೂ ಒಂದು ಮಾತು: ಕ್ರಿ.ಶ. 6ರಲ್ಲಿ ನಜರೇತ್ ಇದ್ದ ಗಲಿಲಾಯ ಹೆರೋದ ಅಂತಿಪನ ಕೈಯಲ್ಲಿತ್ತು, ಯೂದಾಯದ ಗಣತಿಗೆ ಅದು ಸೇರಿದ್ದಲ್ಲ. ಒಂದು ಅಧ್ಯಾಯದ ಓದಿಗೆ ಇಷ್ಟು ಫಲ ಕೊಡುವ ದಾರಿ ಬೇರೆ ಇಲ್ಲ.

ಇಲ್ಲಿ ಎಡವುವ ಜಾಗಗಳನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು. ಜಾಲದಲ್ಲಿ ಪುಕ್ಕಟೆ ಸಿಗುವುದು ಹೆಚ್ಚಾಗಿ ವಿಲಿಯಂ ವಿಸ್ಟನ್ 1737ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ. ಅದರಲ್ಲಿ ಸಂಪುಟ, ಅಧ್ಯಾಯ, ಪರಿಚ್ಛೇದ ಎಂದು ಮೂರು ಸಂಖ್ಯೆ; ಇಂದಿನ ವಿದ್ವಾಂಸರು ಕೊಡುವುದು ನೀಸೆ ಎಂಬ ಸಂಪಾದಕನ ಸಂಖ್ಯೆ, ಸಂಪುಟದ ನಂತರ ಒಂದೇ ಅಂಕಿ. ಯೇಸುವಿನ ಬಗೆಗಿನ ಪ್ರಸಿದ್ಧ ಭಾಗ ವಿಸ್ಟನ್‌ನಲ್ಲಿ 18.3.3, ಆದರೆ ಪ್ರಬಂಧಗಳಲ್ಲಿ 18.63-64. ಈ ಎರಡನ್ನು ಕಲಸಿಕೊಂಡು "ಹೇಳಿದ ಕಡೆ ಆ ಮಾತೇ ಇಲ್ಲ" ಎಂದು ಕೈಚೆಲ್ಲುವವರು ಬಹಳ. ಎರಡೂ ಸಂಖ್ಯೆ ಇರುವ ಪ್ರತಿಯನ್ನು ಹುಡುಕಿಕೊಳ್ಳಿ. ಇನ್ನು ಅದೇ ಭಾಗದಲ್ಲಿ ಕ್ರೈಸ್ತ ಲಿಪಿಕಾರರು ಸೇರಿಸಿದ ಮಾತುಗಳಿವೆ ಎಂಬುದು ಬಹುಮತ; "ಅವನೇ ಕ್ರಿಸ್ತನು" ಎಂದು ಯೆಹೂದಿಯಾಗಿ ಉಳಿದವನು ಬರೆದಿರಲಾರ. ಹಾಗೆಂದು ಇಡೀ ಭಾಗವೇ ಪ್ರಕ್ಷಿಪ್ತವೆನ್ನುವುದಕ್ಕೆ ಹೆಚ್ಚಿನವರು ಒಪ್ಪುವುದಿಲ್ಲ. 20.200ರಲ್ಲಿ ಯೇಸುವಿನ ಸಹೋದರ ಯಾಕೋಬನ ಕೊಲೆಯ ಮಾತು, 18.116-119ರಲ್ಲಿ ಸ್ನಾನಿಕ ಯೋಹಾನನ ಮಾತು ಹೆಚ್ಚು ಗಟ್ಟಿ.

ರೋಮನ್ನರ ಕಡೆಯಿಂದ ಎರಡು ಸಾಕು. ಪ್ಲಿನಿ ಸುಮಾರು 112ರಲ್ಲಿ ಬಿಥೂನ್ಯದಿಂದ ಚಕ್ರವರ್ತಿ ತ್ರಾಜಾನನಿಗೆ ಕ್ರೈಸ್ತರ ವಿಷಯವಾಗಿ ಬರೆದ ಕಾಗದ ಮತ್ತು ಅದರ ಉತ್ತರ, ಅವನ ಪತ್ರಗಳ ಹತ್ತನೇ ಸಂಪುಟದ 96-97. ತಾಸಿತಸನ ವಾರ್ಷಿಕ ಚರಿತ್ರೆಯ 15.44, ನೀರೋ ಕಾಲದಲ್ಲಿ ರೋಮಿಗೆ ಬಿದ್ದ ಬೆಂಕಿ ಮತ್ತು ಅದರ ತಪ್ಪು ಹೊತ್ತ ಕ್ರೈಸ್ತರ ಮಾತು. ಮೃತಸಮುದ್ರದ ಸುರುಳಿಗಳು ಬೇರೆ ಬಗೆಯವು. 1947ರಿಂದ ಖುಮ್ರಾನ್ ಬಳಿಯ 11 ಗವಿಗಳಲ್ಲಿ ಸಿಕ್ಕ 900ಕ್ಕೂ ಮಿಕ್ಕಿದ ಪ್ರತಿಗಳಲ್ಲಿ ಯೇಸುವಿನ ಹೆಸರೂ ಇಲ್ಲ, ಹೊಸ ಒಡಂಬಡಿಕೆಯ ಪುಟವೂ ಇಲ್ಲ. ಇದೆಯೆಂದು ಹೇಳುವ ವಿಡಿಯೋಗಳನ್ನು ಅಲ್ಲಿಗೇ ಬಿಡಿ. ಯೇಸುವಿನ ಕಾಲದ ಯೆಹೂದ್ಯರು ಧರ್ಮಶಾಸ್ತ್ರ, ಶುದ್ಧಿ, ಅಂತ್ಯಕಾಲ, ಮೆಸ್ಸೀಯ ಎಂದರೆ ಏನೆಲ್ಲ ಅಂದುಕೊಂಡಿದ್ದರು ಎಂಬ ಪ್ರಶ್ನೆಗೆ ಮಾತ್ರ ಅವು ಬೇಕೇ ಬೇಕು. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿದ ಯೆಹೂದಿ ನಿಯಮಗಳ ಸಂಗ್ರಹ ಮಿಷ್ನಾ, ಅದಕ್ಕೂ ತಡವಾಗಿ ಬಂದ ಅದರ ವ್ಯಾಖ್ಯಾನ ತಾಲ್ಮೂದುಗಳನ್ನು ತೆಗೆದು "ಯೇಸುವಿನ ಕಾಲದ ಫರಿಸಾಯರ ನಿಯಮ ಹೀಗಿತ್ತು" ಎಂದು ಹೇಳುವ ಪ್ರಸಂಗಗಳನ್ನು ಎಚ್ಚರದಿಂದ ಕೇಳಬೇಕು.

ಗ್ರೀಕ್ ಕಲಿಯುವುದು

ದುಬಾರಿ ದಾರಿ. ದುಡ್ಡಿಗಲ್ಲ, ಹೊತ್ತಿಗೆ. ದಿನಕ್ಕೆ ಒಂದು ಗಂಟೆಯಂತೆ ಒಂಬತ್ತು-ಹತ್ತು ತಿಂಗಳು ವ್ಯಾಕರಣ, ಆಮೇಲೆ ಓದು. ಹೊಸ ಒಡಂಬಡಿಕೆಯಲ್ಲಿ ಸುಮಾರು 1,38,000 ಪದಗಳಿವೆ, ಬೇರೆ ಬೇರೆ ಪದಗಳೆಂದರೆ 5,400. ಅವುಗಳಲ್ಲಿ 50 ಸಲಕ್ಕೂ ಹೆಚ್ಚು ಬರುವ 310ರಷ್ಟು ಪದ ಕಲಿತರೆ ಪಠ್ಯದ ನೂರರಲ್ಲಿ ಎಂಬತ್ತು ಪಾಲು ಪರಿಚಿತವಾಗುತ್ತದೆ. ಯೋಹಾನ ಮೊದಲು, ನಂತರ ಮಾರ್ಕ. ಲೂಕ ಮತ್ತು ಇಬ್ರಿಯರಿಗೆ ಬರೆದ ಪತ್ರಿಕೆ ಕೊನೆಗೆ.

ಕನ್ನಡದವರಿಗೆ ವಿಭಕ್ತಿ ಎಂದರೆ ಭಯವಿಲ್ಲ. ಕರ್ತೃ ಎಲ್ಲಿದ್ದರೂ ಪ್ರತ್ಯಯ ನೋಡಿ ಗುರುತಿಸುವುದು ನಮಗೆ ರಕ್ತಗತ. ಶಾಲೆಯಲ್ಲಿ ಸಂಸ್ಕೃತ ಓದಿದ್ದರೆ ಇನ್ನೂ ಹಗುರ. ಸಂಸ್ಕೃತದ ಆತ್ಮನೇಪದದಂತೆ ಗ್ರೀಕಿನಲ್ಲಿ ಮಧ್ಯಮ ಪ್ರಯೋಗವಿದೆ. "ಇಂಥವನು ಹೀಗೆ ಮಾಡುತ್ತಿರಲಾಗಿ" ಎನ್ನುವ ಸತಿಸಪ್ತಮಿಯ ಕೆಲಸವನ್ನು ಗ್ರೀಕ್ ಷಷ್ಠಿ ವಿಭಕ್ತಿಯಲ್ಲಿ ಮಾಡುತ್ತದೆ. ಲೂಕ 2:2ರಲ್ಲಿ "ಕುರೇನ್ಯನು ಸಿರಿಯವನ್ನು ಆಳುತ್ತಿರಲಾಗಿ" ಎಂಬುದು ಇಂಥದೇ ಷಷ್ಠಿ ರಚನೆ.

ಇದರಿಂದ ಏನು ಪ್ರಯೋಜನ? ಕಂದಕ ಮುಚ್ಚಲು ಕೆಲವರು ಆ ವಚನವನ್ನು "ಕುರೇನ್ಯನು ಅಧಿಪತಿಯಾಗುವುದಕ್ಕೆ ಮುಂಚೆ ನಡೆದ ಗಣತಿ" ಎಂದು ಅನುವಾದಿಸುತ್ತಾರೆ. "ಪ್ರೋತೇ" ಎಂಬ ಪದಕ್ಕೆ ಮೊದಲನೆಯದು ಎಂಬಂತೆ ಮುಂಚಿನದು ಎಂಬ ಅರ್ಥವೂ ಉಂಟು, ಯೋಹಾನ 1:15ರಲ್ಲಿ ಅದೇ ಪದದ ರೂಪ "ನನಗಿಂತ ಮುಂಚೆ" ಎಂಬರ್ಥದಲ್ಲಿ ಬಂದಿದೆ. ಆದರೆ ಅಲ್ಲಿ ಷಷ್ಠಿಯಲ್ಲಿರುವುದು ಒಂದು ಸರ್ವನಾಮ. ಇಲ್ಲಿ ಇರುವುದು ತನ್ನಷ್ಟಕ್ಕೆ ನಿಂತ ಸತಿಸಪ್ತಮಿಯಂಥ ರಚನೆ. "ಆಳುತ್ತಿರಲಾಗಿ" ಎಂಬುದನ್ನು "ಆಳುವುದಕ್ಕೆ ಮುಂಚೆ" ಎಂದು ತಿರುಗಿಸಲು ವ್ಯಾಕರಣ ಒಪ್ಪುವುದು ಕಷ್ಟ, ಹೆಚ್ಚಿನ ವ್ಯಾಕರಣಕಾರರ ಅಭಿಪ್ರಾಯವೂ ಅದೇ. ಈ ತೀರ್ಮಾನವನ್ನು ಬೇರೆಯವರ ಬಾಯಿಂದ ಕೇಳುವುದಕ್ಕೂ ಸ್ವತಃ ಕಣ್ಣಿಂದ ನೋಡುವುದಕ್ಕೂ ಇರುವ ಅಂತರವೇ ಆ ಒಂದು ವರ್ಷದ ಬೆಲೆ.

ವರ್ಷ ಕೊಡಲಾಗದವರು ಪದಕೋಶದ ಸಂಖ್ಯೆ ಹಿಡಿದು ಗ್ರೀಕ್ ಮಾಡುತ್ತಾರೆ. ಸ್ಟ್ರಾಂಗ್ ಸಂಖ್ಯೆಗಳು 1890ರಲ್ಲಿ ಬಂದ ಪದಾನುಕ್ರಮಣಿಕೆಯವು. ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ಬಹಳ ಒಳ್ಳೆಯ ಸಾಧನ. ಅಲ್ಲಿ ಕೊಟ್ಟ ಅರ್ಥಗಳಲ್ಲಿ ಬೇಕಾದದ್ದನ್ನು ಆರಿಸಿ ವಾಕ್ಯಕ್ಕೆ ಅಂಟಿಸಿದರೆ, ಅಥವಾ ಪದದ ಮೂಲಧಾತು ಹಿಡಿದು ಅರ್ಥ ಕಟ್ಟಿದರೆ ಎಲ್ಲ ಕೆಡುತ್ತದೆ. ಕನ್ನಡದ "ಹೊಟ್ಟೆಕಿಚ್ಚು" ಪದವನ್ನು ಹೊಟ್ಟೆ ಮತ್ತು ಬೆಂಕಿ ಎಂದು ಬಿಡಿಸಿ ಅಜೀರ್ಣದ ಬಗ್ಗೆ ಬರೆದಂತಾಗುತ್ತದೆ ಅದು.

ಹಸ್ತಪ್ರತಿ ಮತ್ತು ಪಾಠಾಂತರ

ಓಲೆಗರಿ, ಪಾಠಾಂತರ, ಪ್ರಕ್ಷಿಪ್ತ, ಕ್ಲಿಷ್ಟಪಾಠ ಈ ಪದಗಳನ್ನು ಹಳಗನ್ನಡ ಓದಿದವರು ಬಲ್ಲರು. ಹೊಸ ಒಡಂಬಡಿಕೆಯ ಪಠ್ಯ ಸಂಪಾದನೆ ನಡೆಯುವುದೂ ಇದೇ ತತ್ತ್ವಗಳ ಮೇಲೆ, ಪ್ರತಿಗಳ ಸಂಖ್ಯೆ ಮಾತ್ರ ಬೆಟ್ಟದಷ್ಟು: ಗ್ರೀಕ್ ಪ್ರತಿಗಳೇ ಐದು ಸಾವಿರಕ್ಕೂ ಹೆಚ್ಚು. ಬಹುಪಾಲು ಒಂಬತ್ತನೇ ಶತಮಾನದ ಈಚಿನವು. ನಾಲ್ಕನೇ ಶತಮಾನದ ವ್ಯಾಟಿಕನ್ ಮತ್ತು ಸೀನಾಯ್ ಪ್ರತಿಗಳು, ಅದಕ್ಕೂ ಹಿಂದಿನ ಪಪೈರಸ್ ತುಣುಕುಗಳು ತೂಕದವು. ಸೀನಾಯ್ ಪ್ರತಿಯ ಪುಟಗಳನ್ನು ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು.

ಕುರೇನ್ಯನ ಗಂಟಿಗೆ ಈ ದಾರಿ ನಿಷ್ಪ್ರಯೋಜಕ. ಪ್ರತಿಗಳಲ್ಲಿ ಪದಗಳ ಕ್ರಮ ಅತ್ತಿತ್ತ ಆಗುತ್ತದೆ, ಹೆಸರಿನ ಕಾಗುಣಿತ ತುಸು ಬದಲಾಗುತ್ತದೆ, ಕುರೇನ್ಯನ ಜಾಗದಲ್ಲಿ ಬೇರೊಬ್ಬ ಅಧಿಪತಿ ಬರುವುದಿಲ್ಲ. "ಲಿಪಿಕಾರನ ತಪ್ಪಿರಬೇಕು" ಎಂಬ ಸುಲಭದ ಉತ್ತರಕ್ಕೆ ಆಧಾರವಿಲ್ಲ ಎಂದು ತಿಳಿದದ್ದಷ್ಟೇ ಲಾಭ.

ಅದೇ ಮಾರ್ಕ 5:1ಕ್ಕೆ ಬನ್ನಿ, ಈ ದಾರಿಯ ಬೆಲೆ ಗೊತ್ತಾಗುತ್ತದೆ. ಯೇಸು ಒಬ್ಬನಿಂದ ಬಿಡಿಸಿದ ದೆವ್ವಗಳು ಹೊಕ್ಕ ಹಂದಿಗಳ ಹಿಂಡು ದಿಬ್ಬದಿಂದ ಓಡಿ ಗಲಿಲಾಯದ ಕೆರೆಗೆ ಬಿತ್ತು. ಯಾವ ಸೀಮೆಯಲ್ಲಿ? ವ್ಯಾಟಿಕನ್ ಪ್ರತಿ, ಸೀನಾಯ್ ಪ್ರತಿಯ ಮೊದಲ ಕೈ ಗೆರಸೇನರ ಸೀಮೆ ಎನ್ನುತ್ತವೆ. ಅಲೆಕ್ಸಾಂದ್ರಿಯ ಪ್ರತಿ ಗದರೇನರ ಸೀಮೆ ಎನ್ನುತ್ತದೆ. ಸೀನಾಯ್ ಪ್ರತಿಯನ್ನು ತಿದ್ದಿದವನು ಗೆರ್ಗೆಸೇನರ ಎಂದು ಬರೆದ. ಗೆರಸ ಇಂದಿನ ಜೋರ್ಡಾನಿನ ಜೆರಾಷ್, ಕೆರೆಯಿಂದ 50 ಕಿಲೋಮೀಟರಿಗೂ ದೂರ. ಗದರ ಹತ್ತು ಕಿಲೋಮೀಟರ್ ಆಸುಪಾಸು. ಅಷ್ಟು ದೂರ ಹಂದಿ ಓಡುವುದು ಹೇಗೆ ಎಂದು ಲಿಪಿಕಾರರಿಗೂ ಅನಿಸಿ ಹತ್ತಿರದ ಊರು ಹುಡುಕಿದರು. ಹಾಗಾದರೆ ಕಷ್ಟ ಕೊಡುವ "ಗೆರಸ"ವೇ ಮೂಲಪಾಠ. ಸುಲಭವಾದುದನ್ನು ಕಷ್ಟವಾಗಿಸಲು ಯಾರೂ ತಿದ್ದುವುದಿಲ್ಲ. ಮಾರ್ಕ 16:9-20 ಮತ್ತು ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ, ಅಂದರೆ ಯೋಹಾನ 7:53-8:11, ಈ ಎರಡೂ ಆ ನಾಲ್ಕನೇ ಶತಮಾನದ ಎರಡು ಪ್ರತಿಗಳಲ್ಲಿ ಇಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮುಂತಾದವರ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂದಾಗ ಸೀನಾಯ್ ಪ್ರತಿ ವಿದ್ವಾಂಸರ ಕೈಗೆ ಬಂದಿರಲಿಲ್ಲ ಎಂಬುದನ್ನು ನೆನಪಿಟ್ಟರೆ ಹಳೆಯ ಮತ್ತು ಹೊಸ ಕನ್ನಡ ಬೈಬಲುಗಳ ನಡುವೆ ಇಂಥ ಕಡೆ ಕಂಸ, ಅಡಿಟಿಪ್ಪಣಿ ಯಾಕೆ ಬಂದವು ಎಂದು ಅರ್ಥವಾಗುತ್ತದೆ.

ಪಪೈರಸ್ ತುಣುಕುಗಳ ಕಾಲನಿರ್ಣಯದಲ್ಲಿ ತಾಳ್ಮೆ ಬೇಕು. ಮ್ಯಾಂಚೆಸ್ಟರಿನಲ್ಲಿರುವ ಯೋಹಾನನ ತುಣುಕು, 52ನೇ ಸಂಖ್ಯೆಯದು, ಅಂಗೈಯಲ್ಲಿ ಹಿಡಿಸುವಷ್ಟು: 9 ಸೆಂಟಿಮೀಟರ್ ಎತ್ತರ, 6 ಅಗಲ. ಅದನ್ನು ಕ್ರಿ.ಶ. 125ರದ್ದು ಎಂದು ಖಚಿತವಾಗಿ ಬರೆದುಬಿಡುತ್ತಾರೆ. ಅಕ್ಷರದ ಆಕಾರ ನೋಡಿ ಹೇಳುವ ಕಾಲ ಅದು. ಎರಡನೇ ಶತಮಾನದಲ್ಲಿ ಎಲ್ಲಿ ಬೇಕಾದರೂ, ಅದಕ್ಕೂ ಈಚೆಗೂ ಬೀಳಬಹುದು. ಒಂದನೇ ಶತಮಾನದ ಮಾರ್ಕ ಸಿಕ್ಕಿದೆ ಎಂದು ವರ್ಷಗಟ್ಟಲೆ ಸುದ್ದಿ ಹರಿದಾಡಿತು. 2018ರಲ್ಲಿ ಆ ತುಣುಕು ಪ್ರಕಟವಾದಾಗ ಸಂಪಾದಕರು ಕೊಟ್ಟ ಕಾಲ ಎರಡನೇ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ.

ಆ ತುಣುಕು ಸಿಕ್ಕ ಊರಿಗೂ ನಮಗೂ ಒಂದು ನಂಟಿದೆ. ಈಜಿಪ್ತಿನ ಆಕ್ಸಿರಿಂಕಸ್ ಪಟ್ಟಣದ ಕಸದ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ 1896ರ ಚಳಿಗಾಲದಿಂದ ಅಗೆದರು. ಅಲ್ಲಿಂದ ಬಂದ ಮೊದಲ ಸಂಖ್ಯೆಯ ತುಣುಕು ಯೇಸುವಿನ ಮಾತುಗಳದು, ಎರಡನೆಯದು ಮತ್ತಾಯನ ಒಂದನೇ ಅಧ್ಯಾಯ. 413ನೇ ಸಂಖ್ಯೆಯ ಪ್ರಹಸನದಲ್ಲಿ ಭಾರತದ ಕಡಲತೀರದ ರಾಜನೊಬ್ಬನ ಬಾಯಲ್ಲಿ ಬರುವ ಮಾತುಗಳು ಕನ್ನಡವೆಂದು ಹುಲ್ಟ್ಷ್ ಗುರುತಿಸಿದ್ದು, ಗೋವಿಂದ ಪೈಗಳು ಅದನ್ನು ಬೆಳೆಸಿದ್ದು, ಇವತ್ತಿಗೂ ಅದರ ಮೇಲೆ ಒಮ್ಮತವಿಲ್ಲದ್ದು ಕನ್ನಡ ಓದುಗರಿಗೆ ಗೊತ್ತೇ ಇದೆ. ಒಂದೇ ತಿಪ್ಪೆಯಲ್ಲಿ ಸುವಾರ್ತೆಯೂ ಪ್ರಹಸನವೂ ಬಾಡಿಗೆಯ ಕರಾರುಪತ್ರವೂ ಸಿಗುತ್ತವೆ ಎಂಬುದೇ ಆ ಕಾಲದ ಪುಸ್ತಕಗಳು ಎಂಥವರ ನಡುವೆ ಓಡಾಡಿದವು ಎಂದು ಹೇಳುತ್ತದೆ.

ಕಲ್ಲು ಮತ್ತು ಅಗೆತ

ಶಾಸನದ ನಾಡಿನವರಿಗೆ ಕಲ್ಲಿನ ಮಾತಿನ ಮೇಲೆ ಪ್ರೀತಿ ಸಹಜ. ಆದರೂ ಇದನ್ನು ಮೊದಲು ಆರಿಸಬೇಡಿ ಎಂಬುದೇ ನಮ್ಮ ಸಲಹೆ. ಗ್ರಂಥ ಗೊತ್ತಿಲ್ಲದವನಿಗೆ ಕಲ್ಲು ಬರೀ ಕಲ್ಲು, ಗ್ರಂಥ ಗೊತ್ತಿದ್ದವನಿಗೆ ಅದು ತಿದ್ದುಪಡಿ.

ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಪತಿ ಪಿಲಾತನನ್ನು ತಾಸಿತಸ್ ಪ್ರೊಕ್ಯುರೇಟರ್ ಎಂಬ ಹುದ್ದೆಯ ಹೆಸರಿನಿಂದ ಕರೆದ. 1961ರಲ್ಲಿ ಕೈಸರೈಯದಲ್ಲಿ ಸಿಕ್ಕ, ರಂಗಮಂದಿರದ ಮೆಟ್ಟಿಲಿಗೆ ಬಳಕೆಯಾಗಿದ್ದ ಕಲ್ಲಿನಲ್ಲಿ ಅವನ ಹುದ್ದೆ ಪ್ರೀಫೆಕ್ಟ್ ಎಂದಿದೆ. ತಾಸಿತಸ್ ತನ್ನ ಕಾಲದ ಹುದ್ದೆಯ ಹೆಸರನ್ನು ಹಿಂದಿನವನಿಗೆ ಹಚ್ಚಿದ್ದ. ಇನ್ನೂ ದೊಡ್ಡ ಫಲ ದೆಲ್ಫಿಯದು. ಅಪೊಸ್ತಲರ ಕೃತ್ಯಗಳು 18ರಲ್ಲಿ ಪೌಲನನ್ನು ಕೊರಿಂಥದಲ್ಲಿ ಗಲ್ಲಿಯೋನನ ನ್ಯಾಯಾಸನದ ಮುಂದೆ ತರುತ್ತಾರೆ. ದೆಲ್ಫಿಯಲ್ಲಿ ಚೂರುಚೂರಾಗಿ ಸಿಕ್ಕ ಕ್ಲೌದ್ಯ ಚಕ್ರವರ್ತಿಯ ಪತ್ರದ ಶಾಸನದಲ್ಲಿ ಅದೇ ಗಲ್ಲಿಯೋನನ ಹೆಸರಿದೆ, ಜೊತೆಗೆ ಚಕ್ರವರ್ತಿಗೆ 26ನೇ ಸಲ ಜಯಘೋಷವಾದ ಲೆಕ್ಕವಿದೆ. ಅದರಿಂದ ಗಲ್ಲಿಯೋನನ ಅಧಿಕಾರ 51-52ರ ಸುತ್ತ ನಿಲ್ಲುತ್ತದೆ. ಪೌಲನ ಬದುಕಿನ ತೇದಿಗಳೆಲ್ಲ ನೇತಾಡುವುದು ಈ ಒಂದು ಗೂಟಕ್ಕೆ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರಿಕೆ ಸುಮಾರು 50ರದ್ದು ಎನ್ನುವುದೂ ಹೀಗೆಯೇ.

ಕುರೇನ್ಯನಿಗೂ ಒಂದು ಕಲ್ಲುಂಟು. ಎಮಿಲಿಯಸ್ ಸೆಕುಂದಸ್ ಎಂಬ ಸೇನಾಧಿಕಾರಿಯ ಸಮಾಧಿ ಶಾಸನ: ಕುರೇನ್ಯನ ಅಪ್ಪಣೆಯಂತೆ ತಾನು ಅಪಮೇಯ ಪಟ್ಟಣದ ಗಣತಿ ನಡೆಸಿದೆ, 1,17,000 ನಾಗರಿಕರು ಎಂದು ಅದರಲ್ಲಿದೆ. ಆ ಕಲ್ಲು ವೆನಿಸ್ ಸೇರಿತ್ತು, ಬಹುಕಾಲ ಅದನ್ನು ಕೃತಕವೆಂದೇ ಶಂಕಿಸಿದ್ದರು. 1880ರಲ್ಲಿ ಕಳೆದುಹೋಗಿದ್ದ ಅರ್ಧ ಭಾಗ ಸಿಕ್ಕ ಮೇಲೆ ಶಂಕೆ ಹೋಯಿತು. ಕುರೇನ್ಯ ಸಿರಿಯದಲ್ಲಿ ಗಣತಿ ಮಾಡಿಸಿದ್ದು ನಿಜವೆಂದು ಅದು ಸಾರುತ್ತದೆ. ಹೆರೋದನ ಕಾಲದಲ್ಲಿ ಮಾಡಿಸಿದ ಎಂದು ಹೇಳುವುದಿಲ್ಲ. ಹಾಗೆಯೇ ಊರಿಗೆ ಹಿಂತಿರುಗುವ ಮಾತಿಗೆ ಈಜಿಪ್ತಿನ ಅಧಿಪತಿ ವಿಬಿಯಸ್ ಮ್ಯಾಕ್ಸಿಮಸ್ 104ರಲ್ಲಿ ಹೊರಡಿಸಿದ ಆಜ್ಞೆಯ ಪಪೈರಸನ್ನು ತೋರಿಸುತ್ತಾರೆ. ಮನೆಗಣತಿಗಾಗಿ ಹೊರಗಿದ್ದವರು ಸ್ವಂತ ನೆಲೆಗೆ ಮರಳಬೇಕೆಂದು ಅಲ್ಲಿದೆ. ಒಳ್ಳೆಯ ಆಧಾರವೇ, ಆದರೆ ಅದು ಒಬ್ಬನು ಬಾಳುವ ಮನೆಗೆ. ಸಾವಿರ ವರ್ಷ ಹಿಂದಿನ ದಾವೀದನ ಊರಿಗೆ ಅಲ್ಲ. ಹೊಂದುವಷ್ಟನ್ನು ಹೇಳಿ ಹೊಂದದ್ದನ್ನು ನುಂಗುವುದೇ ಈ ದಾರಿಯಲ್ಲಿ ಹೆಚ್ಚು ನಡೆಯುವ ತಪ್ಪು.

ಇನ್ನೊಂದು ಎಚ್ಚರ: ಅಗೆತದ ದಾಖಲೆಯಿಲ್ಲದೆ ಮಾರುಕಟ್ಟೆಯಿಂದ ಬಂದ ವಸ್ತುವಿನ ಮೇಲೆ ಏನನ್ನೂ ಕಟ್ಟಬೇಡಿ. 2012ರಲ್ಲಿ ಜಗತ್ತಿನ ತುಂಬ ಸುದ್ದಿಯಾದ, ಯೇಸುವಿಗೆ ಹೆಂಡತಿ ಇದ್ದಳೆನ್ನುವ ಕಾಪ್ಟಿಕ್ ತುಣುಕು ನಾಲ್ಕು ವರ್ಷದಲ್ಲಿ ನಕಲಿಯೆಂದು ಬಯಲಾಯಿತು.

ಸಭಾಪಿತೃಗಳು

ಇದು ಬೇರೆಯದೇ ಪ್ರಶ್ನೆಗೆ ಉತ್ತರ ಕೊಡುವ ದಾರಿ. ಯೇಸುವಿನ ಕಾಲಕ್ಕೆ ಇದರಿಂದ ಹೊಸತೇನೂ ಹೆಚ್ಚು ಸಿಗದು; ಈ ಗ್ರಂಥಗಳನ್ನು ಯಾರು ಒಟ್ಟುಮಾಡಿದರು, ಹೇಗೆ ಓದಿದರು ಎಂಬುದಕ್ಕೆ ಇದೇ ಬೇಕು. 1873ರಲ್ಲಿ ಬ್ರಿಯೆನ್ನಿಯೊಸ್ ಕಾನ್‌ಸ್ಟಾಂಟಿನೋಪಲಿನಲ್ಲಿ ಕಂಡುಹಿಡಿದ ದಿದಖೆ ಎಂಬ ಪುಟ್ಟ ಕೈಪಿಡಿಯನ್ನು ಒಂದು ಸಂಜೆಯಲ್ಲಿ ಓದಬಹುದು. ಮಾರ್ಕನು ಪೇತ್ರನ ದುಭಾಷಿ, ನೆನಪಿದ್ದದ್ದನ್ನು ಸರಿಯಾಗಿ ಬರೆದ, ಆದರೆ ಕ್ರಮವಾಗಿ ಅಲ್ಲ ಎಂಬ ಪಾಪಿಯಸನ ಮಾತು ಯೂಸೇಬಿಯಸನ ಸಭಾ ಚರಿತ್ರೆಯ 3.39ರಲ್ಲಿ ಉಳಿದಿದೆ. 325ರ ನಿಕೇಯ ಸಭೆಯಲ್ಲಿ ಬೈಬಲಿನ ಪುಸ್ತಕಗಳನ್ನು ಆರಿಸಿದರು ಎಂಬುದು ಸುಳ್ಳು; ಈಗಿನ 27 ಪುಸ್ತಕಗಳ ಪಟ್ಟಿ ಅಷ್ಟಕ್ಕಷ್ಟೇ ಮೊದಲು ಕಾಣುವುದು ಅಥನಾಸಿಯಸ್ 367ರಲ್ಲಿ ಬರೆದ ಹಬ್ಬದ ಪತ್ರದಲ್ಲಿ. ಕುರೇನ್ಯನ ಬಗ್ಗೆ? ಸುಮಾರು 150ರಲ್ಲಿ ಜಸ್ಟಿನ್, ಬೇಕಾದರೆ ಕುರೇನ್ಯನ ಗಣತಿಯ ಪಟ್ಟಿ ನೋಡಿಕೊಳ್ಳಿ ಎಂದು ರೋಮಿನವರಿಗೆ ಬರೆದ. ಅವನಾದ ಮೇಲೆ ಬಂದ ತೆರ್ತುಲ್ಲಿಯನ್ ಗಣತಿಯನ್ನು ಸತುರ್ನಿನಸ್ ಎಂಬ ಬೇರೊಬ್ಬ ಅಧಿಪತಿಯ ಕಾಲಕ್ಕೆ ಇಟ್ಟ. ಗಂಟು ನಮಗಿಂತ ಮುಂಚೆಯೇ ಅವರ ಕೈಗೂ ಸಿಕ್ಕಿತ್ತು.

ಹಾಗಾದರೆ ಯಾರಿಗೆ ಯಾವುದು

ವಾರಕ್ಕೆ ಎರಡು ಗಂಟೆ ಮಾತ್ರ ಇರುವವರು ಮೊದಲ ಎರಡು ದಾರಿ ಹಿಡಿದರೆ ಸಾಕು, ಒಂದು ವರ್ಷಕ್ಕೆ ಧಾರಾಳ. ಮೊದಲ ತಿಂಗಳು ಪುಸ್ತಕಗಳನ್ನು ಅಚ್ಚಾದ ಕ್ರಮ ಬಿಟ್ಟು ಬರೆದ ಕ್ರಮದಲ್ಲಿ ಓದಿ: 1 ಥೆಸಲೊನೀಕ, ಆಮೇಲೆ ಗಲಾತ್ಯ, 1 ಮತ್ತು 2 ಕೊರಿಂಥ, ಫಿಲಿಪ್ಪಿ, ಫಿಲೆಮೋನ, ರೋಮಾಪುರ. ಪೌಲನದೇ ಎಂದು ಹೆಚ್ಚುಕಡಿಮೆ ಎಲ್ಲರೂ ಒಪ್ಪುವ ಏಳು ಪತ್ರಿಕೆಗಳಿವು, ನಡುವಿನವುಗಳ ಕ್ರಮದ ಬಗ್ಗೆ ಮಾತ್ರ ಚರ್ಚೆಯಿದೆ. ಆಮೇಲೆ ಮಾರ್ಕನನ್ನು ಒಂದೇ ಕೂತಿಗೆ ಗಟ್ಟಿಯಾಗಿ ಓದಿ, ಒಂದೂವರೆ ಗಂಟೆ ಹಿಡಿಯುತ್ತದೆ. ಸುವಾರ್ತೆ ಬರೆಯುವ ಮುಂಚೆಯೇ ಪತ್ರಿಕೆಗಳಿದ್ದವು ಎಂಬುದು ತಲೆಗೆ ಗೊತ್ತಿದ್ದರೂ ಹೀಗೆ ಓದಿದಾಗಲೇ ಮನಸ್ಸಿಗೆ ಇಳಿಯುತ್ತದೆ. ಮುಂದೆ ಬಣ್ಣದ ಹಾಳೆ, ಜೊತೆಗೆ ಜೋಸೆಫಸ್.

ಪ್ರಸಂಗ ಮಾಡುವವರು, ಭಾನುವಾರದ ಶಾಲೆಯಲ್ಲಿ ಕಲಿಸುವವರು ಇವೆರಡರ ಜೊತೆಗೆ ಪಾಠಾಂತರದ ಅಡಿಟಿಪ್ಪಣಿ ಓದಲು ಕಲಿಯಬೇಕು. ಸಭೆಯಲ್ಲಿ ಯಾರಾದರೂ ಹೊಸ ಭಾಷಾಂತರದಲ್ಲಿ ವಚನ ಕಾಣೆಯಾಗಿದೆ ಎಂದು ಕೇಳಿಯೇ ಕೇಳುತ್ತಾರೆ. ಡಿಗ್ರಿಯ ಯೋಚನೆ ಇದ್ದವರು ಗ್ರೀಕನ್ನು ಮುಂದಕ್ಕೆ ಹಾಕಬಾರದು. ಬೇರೆ ಎಲ್ಲವನ್ನೂ ನಡುವಯಸ್ಸಿನಲ್ಲೂ ಕಲಿಯಬಹುದು, ಕ್ರಿಯಾಪದದ ರೂಪಗಳು ಬೇಗ ಬಾಯಿಪಾಠವಾದಷ್ಟು ಒಳ್ಳೆಯದು. ಇಸ್ರೇಲ್, ಜೋರ್ಡಾನ್ ಪ್ರವಾಸಕ್ಕೆ ಹೊರಟವರು ಹೋಗುವ ಮುಂಚೆ ಯುದ್ಧದ ಚರಿತ್ರೆಯ 2ನೇ ಸಂಪುಟ ಮುಗಿಸಿ ಹೋಗಲಿ. ಮಾರ್ಗದರ್ಶಿ ತೋರಿಸುವ "ಇದೇ ಆ ಜಾಗ"ಗಳಲ್ಲಿ ಯಾವುದಕ್ಕೆ ಶಾಸನದ ಆಧಾರವಿದೆ, ಯಾವುದಕ್ಕೆ ನಾಲ್ಕನೇ ಶತಮಾನದ ಯಾತ್ರಿಕರ ನಂಬಿಕೆಯಷ್ಟೇ ಆಧಾರ ಎಂದು ಕೇಳುವ ಬಾಯಿ ಬರುತ್ತದೆ.

ಯಾವ ದಾರಿಯಾದರೂ ಒಂದು ನೋಟ್‌ಬುಕ್ ಇಡಿ, ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ಆಧಾರ ಏನು ಹೇಳುತ್ತದೆ ಎಂಬುದು ಮಾತ್ರ, ಗ್ರಂಥ ಮತ್ತು ವಚನದ ಸಂಖ್ಯೆಯೊಂದಿಗೆ. ಬಲಕ್ಕೆ ಅದರಿಂದ ಯಾರು ಏನು ಊಹಿಸಿದ್ದಾರೆ ಎಂಬುದು. ಕುರೇನ್ಯನ ಪುಟ ಹೀಗಿರುತ್ತದೆ. ಎಡಕ್ಕೆ ಲೂಕ 1:5, 2:1-3, ಕೃತ್ಯಗಳು 5:37, ಜೋಸೆಫಸ್ 18.1 ಮತ್ತು 18.26, ಸೆಕುಂದಸನ ಕಲ್ಲು. ಬಲಕ್ಕೆ ಮೂರು ಊಹೆ: ಲೂಕ ಎರಡು ಕಾಲಗಳನ್ನು ಕಲಸಿಕೊಂಡ, ಕುರೇನ್ಯ ಮುಂಚೆಯೂ ಒಮ್ಮೆ ಸಿರಿಯದಲ್ಲಿ ಅಧಿಕಾರದಲ್ಲಿದ್ದ, "ಪ್ರೋತೇ" ಎಂದರೆ ಮುಂಚೆ. ಮೊದಲನೆಯದನ್ನು ಹೆಚ್ಚಿನ ಚರಿತ್ರಕಾರರು ಒಪ್ಪುತ್ತಾರೆ. ಎರಡನೆಯದಕ್ಕೆ ಅವನ ಹೆಸರಿರುವ ಆಧಾರ ಎಡಭಾಗದಲ್ಲಿ ಒಂದೂ ಇಲ್ಲ. ಮೂರನೆಯದಕ್ಕೆ ವ್ಯಾಕರಣ ಅಡ್ಡ ನಿಂತಿದೆ. ಆ ಪುಟದಲ್ಲಿ ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ.